ಹಿಂದಿನ ಕೋಣೆ: ಸುಸ್ಥಿತಿ

ಗೋಡೆಗೆ ಮೂಗು ಹಚ್ಚಿ ಮೂಸಿದಳು. ಏನೂ ಇಲ್ಲ. ಇನ್ನೊಂದು ಮೊಳೆಯ ತೂತಿಗೆ ಮೂಗು ಹಿಡಿದಳು. ಅಲ್ಲಿಯೂ ಇಟ್ಟಿಗೆ ಪುಡಿಯ ಒಣ ವಾಸನೆ ಬಿಟ್ಟರೆ ಬೇರೆ ಇಲ್ಲ. ಮನೆ ಖಾಲಿ ಮಾಡುವವರು ಹಿಂದಿನ ದಿನ ಮೊಳೆಗಳನ್ನು ಕಿತ್ತು, ತೂತುಗಳಿಗೆ ಟೂತ್‌ಪೇಸ್ಟ್ ಮೆತ್ತಿ, ಬೆರಳಿನಿಂದ ಸವರಿ, ತಮ್ಮಂಥ ಜಾಣರಿಲ್ಲವೆಂದು ಬೀಗುತ್ತಾರೆ. ಬಿಳಿ ಗೋಡೆಯಲ್ಲಿ ಬಿಳಿ ಪೇಸ್ಟು ಕಣ್ಣಿಗೆ ಕಾಣುವುದಿಲ್ಲ, ನಿಜ, ಮೂಗಿಗೆ ಕಾಣುತ್ತದೆ. ಒಮ್ಮೆ ಒಬ್ಬ ವಕೀಲನ ಹಜಾರ ಬೆಳಗಿನ ಬಚ್ಚಲಿನಂತೆ ಘಮಘಮ ಎನ್ನುತ್ತಿತ್ತು. ಒಂದೇ ಒಂದು ಮೊಳೆ ಹೊಡೆದಿಲ್ಲ ಮೇಡಂ ಎಂದು ಆತ ಎದೆಯ ಮೇಲೆ ಕೈಯಿಟ್ಟು ಹೇಳಿದ್ದ. ಅವಳು ಮಾತಾಡದೆ ತಲೆಯಿಂದ ಹೇರ್‌ಪಿನ್ ಕಿತ್ತು, ಒಂದೊಂದೇ ತೂತಿನಿಂದ ಪೇಸ್ಟು ಕೆದಕಿ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದಳು. ಹದಿನೇಳು ಆದವು. ಅಂಥ ದಿನ ಮಧ್ಯಾಹ್ನದ ಊಟ ರುಚಿಸುತ್ತಿತ್ತು. ಆಫೀಸಿನಲ್ಲಿ ತನ್ನ ಬೆನ್ನ ಹಿಂದೆ ತನ್ನನ್ನು ಭೂತಗನ್ನಡಿ ಎನ್ನುತ್ತಾರೆಂದು ಅವಳಿಗೆ ಗೊತ್ತು. ಅನ್ನಲಿ. ಬಾಡಿಗೆಗೆ ಕೊಡುವಾಗ ಮನೆ ಹೇಗಿತ್ತು, ಬಿಡುವಾಗ ಹೇಗಿದೆ ಎಂದು ಬರೆಯುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷಗಳಲ್ಲಿ ಅವಳ ಒಂದು ವರದಿಯನ್ನೂ ಯಾರೂ ಸುಳ್ಳೆಂದು ತೋರಿಸಿಲ್ಲ. ತೋರಿಸಲು ಬಂದವರು ಬಾಲ ಮುದುರಿಕೊಂಡು ಹೋಗಿದ್ದಾರೆ.

ಈ ಮನೆಯಲ್ಲಿ ಮಾತ್ರ ತೂತುಗಳು ಬಾಯಿ ತೆರೆದುಕೊಂಡೇ ಇದ್ದವು. ಸಾಲದೆಂಬಂತೆ ಕಿಟಕಿಯ ಕಟ್ಟೆಯ ಮೇಲೊಂದು ಬೆಂಕಿಪೊಟ್ಟಣ, ಅದರೊಳಗೆ ಕಿತ್ತ ಮೊಳೆಗಳು, ಅದರ ಮೇಲೊಂದು ಚೀಟಿ: ಹಜಾರ ಆರು, ಅಡಿಗೆಮನೆ ಎರಡು. ಅವಳಿಗೆ ಮೈ ಉರಿಯಿತು. ಇಷ್ಟೊಂದು ಪ್ರಾಮಾಣಿಕತೆಯನ್ನು ಬೆಂಕಿಪೊಟ್ಟಣದಲ್ಲಿ ತುಂಬಿ ಕಣ್ಣಿಗೆ ಕಾಣುವಂತೆ ಇಡುವವರನ್ನು ಅವಳು ನಂಬುವುದಿಲ್ಲ. ಎಣಿಸಿ ನೋಡಿದಳು. ಎಂಟು. ಒಂದಾದರೂ ಕಡಿಮೆಯಿದ್ದಿದ್ದರೆ ಎಷ್ಟು ಹಾಯಾಗಿರುತ್ತಿತ್ತು. ‘ಹಜಾರದ ಗೋಡೆ: ಮೊಳೆಯ ಗುರುತು ಆರು, ಬಳಕೆಯ ಸವೆತ’ ಎಂದು ಬರೆದಳು. ಅವಳ ಕಸುಬಿನಲ್ಲಿ ಇರುವುದು ಎರಡೇ ಮಾತು. ಒಂದು ಸವೆತ, ಇನ್ನೊಂದು ಹಾನಿ. ಜನ ಬದುಕಿದರೆ ಸವೆತ, ಜನ ತಪ್ಪು ಮಾಡಿದರೆ ಹಾನಿ. ಈ ಎರಡರ ನಡುವಿನ ಗೆರೆ ಎಲ್ಲಿದೆ ಎಂದು ಕೇಳಿದವರಿಗೆ ಅವಳು ತನ್ನ ಪೆನ್ನಿನ ತುದಿ ತೋರಿಸುತ್ತಾಳೆ.

ಬೆಳಿಗ್ಗೆ ಆಫೀಸಿನಲ್ಲಿ ಯಜಮಾನರು ಫೈಲು ಕೊಟ್ಟಾಗ ವಿಳಾಸ ನೋಡಿದಳು. ಮೂರನೆಯ ಮಹಡಿ, ಹಲ್ಲಿನ ಡಾಕ್ಟರ ಮನೆ. ನೋಡಿದ ಕೂಡಲೇ ನಾಲಗೆ ಒಣಗಿತು. ಯಾಕೆಂದು ಹೊಳೆಯಲು ಎರಡು ನಿಮಿಷ ಬೇಕಾಯಿತು. ಫೈಲಿನೊಳಗೆ ಒಂಬತ್ತು ವರ್ಷದ ಹಿಂದಿನ ವರದಿ, ಅವಳದೇ ದುಂಡು ಅಕ್ಷರ. ಹಜಾರಕ್ಕೆ ಹನ್ನೆರಡು ಸಾಲು, ಅಡಿಗೆಮನೆಗೆ ಹತ್ತು, ಬಚ್ಚಲಿಗೆ ಒಂಬತ್ತು. ಕೊನೆಯಲ್ಲಿ: ಹಿಂದಿನ ಕೋಣೆ: ಗೋಡೆ, ನೆಲ, ಕಿಟಕಿ, ಎಲ್ಲವೂ ಸುಸ್ಥಿತಿ. ಒಂದೇ ಸಾಲು. ಬೇರೆ ಯಾರಾದರೂ ಬರೆದಿದ್ದರೆ ಅವಳು ಆ ಸಾಲನ್ನು ನೋಡಿಯೇ, ಈ ಕತ್ತೆ ಕೋಣೆಯೊಳಗೆ ಕಾಲಿಟ್ಟಿಲ್ಲ ಎಂದು ಹೇಳಿಬಿಡುತ್ತಿದ್ದಳು.

ಬಾಡಿಗೆದಾರಳು ಬಟ್ಟೆ ಹೊಲಿಯುವ ಹೆಂಗಸು. ಬೀದಿಯವರೆಲ್ಲ ಟೈಲರಮ್ಮ ಎನ್ನುತ್ತಾರೆ. ವಯಸ್ಸು ಅರವತ್ತೈದರ ಮೇಲೆ. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದು ಹೊಲಿದು ಬೆನ್ನು ಮೆಷಿನ್ನಿನ ಕಡೆಗೇ ಬಾಗಿ ನಿಂತುಬಿಟ್ಟಿದೆ. ಮೊಣಕಾಲು ಮೂರು ಮಹಡಿ ಹತ್ತಲು ಒಲ್ಲೆ ಎನ್ನುತ್ತಿರುವುದರಿಂದ ಎರಡು ಬೀದಿ ಆಚೆ, ಮಗಳ ಮನೆಯ ಎದುರಿಗೇ ನೆಲಮಹಡಿಯಲ್ಲಿ ಒಂದು ಕೋಣೆ ಹಿಡಿದಿದ್ದಾಳೆ. ಆ ಕೋಣೆಯೂ ಇದೇ ಆಫೀಸಿನ ಮೂಲಕವೇ. ಅದರ ಬೀಗದ ಕೈ ಈಗ ವರದಿ ಬರೆಯುವವಳ ಚೀಲದಲ್ಲಿದೆ. ಯಜಮಾನರ ನಿಯಮ ಸರಳ: ಮನೆ ಬಿಡುವ ವರದಿಯಲ್ಲಿ ಹಾನಿ ಎಂಬ ಮಾತು ಬಂದರೆ ಆ ಬಾಡಿಗೆದಾರರಿಗೆ ಎರಡನೆಯ ಮನೆಯಿಲ್ಲ. ಬಂದಿಲ್ಲದಿದ್ದರೆ ಅಲ್ಲಿಯೇ ಬೀಗದ ಕೈ ಕೊಟ್ಟು ಬರುವುದು. ಸಾಮಾನು ಸಾಗಿಸುವ ಗಾಡಿ ಒಂದು ಗಂಟೆಗೆ ಬರುತ್ತದಂತೆ. ಬಾಗಿಲ ಬಳಿ ಗಂಟುಗಳು ಸಾಲಾಗಿ ಕೂತಿದ್ದವು. ಬಟ್ಟೆಯಲ್ಲಿ ಸುತ್ತಿದ ಮೆಷಿನ್ನು ಯಾರೋ ಮುದುಕಿ ಮುಸುಕು ಹೊದ್ದು ಕೂತಂತಿತ್ತು. ಟೈಲರಮ್ಮ ಎಲ್ಲ ಕಟ್ಟಿದ್ದಳು, ಒಂದು ಸ್ಟೂಲು ಮಾತ್ರ ಕಟ್ಟದೆ ಬಿಟ್ಟಿದ್ದಳು. ನಿಮಗೆ ಬರೆಯುವಾಗ ಕೂರಕ್ಕೆ ಬೇಕಾಗತ್ತೆ ಅಂತ ಎಂದಳು. ಆದರೆ ಆ ಸ್ಟೂಲಿನ ಮೇಲೆ ಆಗಲೇ ಡಾಕ್ಟರು ಕೂತಿದ್ದರು.

ಹಲ್ಲಿನ ಡಾಕ್ಟರು ಮನೆಯ ಮಾಲೀಕರು. ಬೇರೆ ಮಾಲೀಕರು ಮನೆಯನ್ನು ಮನೆಯಂತೆ ನೋಡುತ್ತಾರೆ. ಇವರು ರೋಗಿಯ ಬಾಯಿಯಂತೆ ನೋಡುತ್ತಾರೆ. ಬಾಗಿಲಿನ ಚೌಕಟ್ಟನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಾರೆ, ಸಿಂಕಿನ ಕೆಳಗೆ ಸಣ್ಣ ಟಾರ್ಚ್ ಬಿಟ್ಟು ಹಾ ಎನ್ನುತ್ತಾರೆ. ಒಳ್ಳೆಯ ಸುದ್ದಿ ಹೇಳಲು ಅವರಿಗೆ ಬಾಯಿಯೇ ಬರುವುದಿಲ್ಲ, ಯಾಕೆಂದರೆ ಒಳ್ಳೆಯ ಹಲ್ಲಿನಿಂದ ಯಾವ ಡಾಕ್ಟರೂ ಬದುಕಿದ್ದಿಲ್ಲ. ಅವಳು ಅಡಿಗೆಮನೆಯ ಕಟ್ಟೆಯ ಮೇಲೆ ಗೋಲಿ ಇಟ್ಟು ಇಳಿಜಾರು ನೋಡಿದಳು. ನಲ್ಲಿ ತಿರುಗಿಸಿದಳು, ನಿಲ್ಲಿಸಿದಳು, ಹನಿ ಬೀಳುತ್ತದೆಯೇ ಎಂದು ಮೂವತ್ತರವರೆಗೆ ಎಣಿಸಿದಳು. ಬೀಳಲಿಲ್ಲ. ನಲ್ಲಿಯ ಕುತ್ತಿಗೆಗೆ ಬಟ್ಟೆಯ ತುಂಡೊಂದು ಸುತ್ತಿ ಅಚ್ಚುಕಟ್ಟಾಗಿ ಹೊಲಿಗೆ ಹಾಕಿತ್ತು. ನಲ್ಲಿಗೂ ಅಂಗಿ. ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ.

ಅವಳ ಮನೆಯ ನಲ್ಲಿಯೂ ಒಂಬತ್ತು ವರ್ಷದಿಂದ ಹನಿ ಬಿಟ್ಟಿಲ್ಲ. ಅದಕ್ಕೂ ಮೊದಲು ಎರಡು ವರ್ಷ ಬಿಟ್ಟಿತ್ತು. ಆ ಎರಡು ವರ್ಷ ಅವಳು ಗಂಡನಿಗೆ ಹೇಳುತ್ತಲೇ ಇದ್ದಳು. ಮೊದಲು ಮಾತಿನಲ್ಲಿ, ಆಮೇಲೆ ಚೀಟಿಯಲ್ಲಿ, ಕೊನೆಕೊನೆಗೆ ಪಾತ್ರೆಯನ್ನು ಸಿಂಕಿನಲ್ಲಿ ಕುಕ್ಕುವ ಸದ್ದಿನಲ್ಲಿ. ಅವನು ಹೊರಟುಹೋಗುವುದೆಂದು ತೀರ್ಮಾನವಾದ ಮೇಲೆ, ತನ್ನ ಸಾಮಾನು ತೆಗೆದುಕೊಂಡು ಹೋಗಲು ನಾಲ್ಕು ಗಂಟೆಗೆ ಬರುತ್ತೇನೆಂದು ಹೇಳಿದ ದಿನ, ಅವಳು ಆಫೀಸಿನ ಫಾರಮ್ಮಿನಲ್ಲೇ ತನ್ನ ಮನೆಯ ಪಟ್ಟಿ ಬರೆದಿದ್ದಳು. ಹಜಾರ, ಅಡಿಗೆಮನೆ, ಮಲಗುವ ಕೋಣೆ. ಯಾವುದು ಅವನದು, ಯಾವುದು ತನ್ನದು, ಯಾವುದರ ಸ್ಥಿತಿ ಏನು. ಅವನಿಂದ ಸಹಿ ಹಾಕಿಸಿಕೊಳ್ಳಬೇಕಿತ್ತು. ನಾಲ್ಕರೊಳಗೆ ಮನೆ ಸೇರದಿದ್ದರೆ ಅವನು ಏನು ಎತ್ತಿಕೊಂಡು ಹೋಗುತ್ತಾನೋ, ಅದಕ್ಕಿಂತ ಹೆಚ್ಚಾಗಿ ಏನು ಬಿಟ್ಟುಹೋಗುತ್ತಾನೋ ಎಂಬ ಭಯ. ಅದೇ ದಿನ ಮೂರು ಗಂಟೆಗೆ ಅವಳು ಈ ಅಡಿಗೆಮನೆಯಲ್ಲಿ, ಇದೇ ಕಟ್ಟೆಯ ಮುಂದೆ ನಿಂತಿದ್ದಳು. ಹಿಂದಿನ ಕೋಣೆಗೆ ಬೀಗ ಹಾಕಿತ್ತು. ಡಾಕ್ಟರು ಕಳಿಸಿದ್ದ ಗೊಂಚಲಿನಲ್ಲಿ ಅದರ ಕೈ ಇರಲಿಲ್ಲ; ಅಲ್ಲಿ ಅವರ ಹಳೆಯ ಕ್ಲಿನಿಕ್ಕಿನ ಕುರ್ಚಿ ಇದೆ, ನಾಳೆ ತೆರವು ಮಾಡಿಸಿ ಕೈ ಕಳಿಸುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದರು. ನಾಳೆ ಮತ್ತೆ ಬರಬೇಕು ಎಂದುಕೊಂಡಳು. ಮರುದಿನ ಅವಳು ಎಲ್ಲಿಗೂ ಹೋಗಲಿಲ್ಲ. ಅವತ್ತು ಆ ಬೀಗದ ಬಾಗಿಲಿನ ಕೀಲಿತೂತಿಗೆ ಕಣ್ಣಿಟ್ಟಾಗ ಕಂಡಿದ್ದು ಒಂದು ಬೆಳಕಿನ ಚೂರು. ಆ ಚೂರು ಸುಸ್ಥಿತಿಯಲ್ಲಿತ್ತು.

ಡಾಕ್ಟರು ಸ್ಟೂಲಿನಿಂದ ಎದ್ದು, ಇನ್ನು ಹಿಂದಿನ ಕೋಣೆ ನೋಡೋಣ ಎಂದರು. ಅವರು ಆಗಲೇ ನೋಡಿ ಬಂದಿದ್ದರೆಂದು ಆ ದನಿಯಲ್ಲೇ ತಿಳಿಯುತ್ತಿತ್ತು. ಹುಳುಕು ಹಲ್ಲು ಸಿಕ್ಕಿದ ಮೇಲೆ ಬರುವ ಒಂದು ಮೃದುತ್ವ ಅದು.

ಕೋಣೆ ಸಣ್ಣದು. ಒಂದು ಕಿಟಕಿ, ಅದರ ಪಕ್ಕದಲ್ಲಿ ಇನ್ನೂ ಸಾಗಿಸದ ಕಬ್ಬಿಣದ ಕಪಾಟು. ಮೆಷಿನ್ನು ಇಟ್ಟಿದ್ದ ಕಡೆ ನೆಲದ ಮೇಲೆ ನಾಲ್ಕು ಮಾಸಲು ಚುಕ್ಕಿ. ಕಿಟಕಿಯ ಕೆಳಮೂಲೆಯಿಂದ ಹೊರಟ ಬಿರುಕು, ಹೆಬ್ಬೆರಳು ಹೊಗುವಷ್ಟು ಅಗಲವಾಗಿ, ಓರೆಯಾಗಿ ಇಳಿದು ಕಪಾಟಿನ ಹಿಂದಕ್ಕೆ ಹೋಗಿ ಮರೆಯಾಗಿತ್ತು. ಒಂದು ಕಡೆ ಗಾರೆ ಉಬ್ಬಿ ಹಪ್ಪಳದಂತೆ ಎದ್ದಿತ್ತು. ಇಂಥ ಬಿರುಕು ಒಂದು ದಿನದ್ದಲ್ಲ, ಒಬ್ಬರಿಂದ ಆಗುವಂಥದ್ದೂ ಅಲ್ಲ. ಕಟ್ಟುವಾಗಲೇ ಕಿಟಕಿಯ ಕೆಳಗೆ ಅಡ್ಡತೊಲೆ ಸರಿಯಾಗಿ ಕೂರಿಸಿಲ್ಲ. ಬಾಗಿಲಲ್ಲಿ ನಿಂತೇ ಅವಳಿಗೆ ಅದು ಗೊತ್ತಾಯಿತು. ಅಷ್ಟೇ ಬೇಗ, ಈ ಗೊತ್ತಾಗಿದ್ದನ್ನು ಹೇಳಿದರೆ ಮುಂದಿನ ಪ್ರಶ್ನೆ ಯಾರಿಗೆ ಎಂಬುದೂ ಗೊತ್ತಾಯಿತು.

‘ನೋಡಿ ಮೇಡಂ,’ ಎಂದರು ಡಾಕ್ಟರು, ಟಾರ್ಚ್ ಬಿಟ್ಟು. ‘ದಿನಾ ಬೆಳಗಿಂದ ಸಂಜೆ ತನಕ ಮೆಷಿನ್ ತುಳಿದೂ ತುಳಿದೂ ಬೇರನ್ನೇ ಅಲ್ಲಾಡ್ಸಿಬಿಟ್ಟಿದಾರೆ. ಇದು ಸವೆತ ಅಂತ ನೀವೂ ಹೇಳಲ್ಲ ಅಂದ್ಕೊಂಡಿದೀನಿ.’

‘ನಾನು ಬಂದಾಗ್ಲೇ ಇತ್ತು ಡಾಕ್ಟ್ರೇ,’ ಎಂದಳು ಟೈಲರಮ್ಮ.

‘ಇತ್ತಾ? ಹಾಗಾದ್ರೆ ಇಲ್ಲಿ ಸುಸ್ಥಿತಿ ಅಂತ ಇದೆಯಲ್ಲ, ಅದರ ಕೆಳಗೆ ಸಹಿ ಯಾರದಮ್ಮ? ನಂದಾ?’

ಹಳೆಯ ವರದಿಯ ನಕಲು ಅವರ ಕೈಯಲ್ಲಿತ್ತು. ಟೈಲರಮ್ಮ ಅದನ್ನು ನೋಡಲಿಲ್ಲ. ವರದಿ ಬರೆದವಳ ಕಡೆ ತಿರುಗಿದಳು. ದೂರುವ ನೋಟವಲ್ಲ, ದಾರ ಪೋಣಿಸುವವರು ಸೂಜಿಯ ಕಣ್ಣನ್ನು ನೋಡುವ ನೋಟ, ತಾಳ್ಮೆಯದು, ಹೋದರೆ ಹೋಗಲಿ ಇನ್ನೊಮ್ಮೆ ನೋಡೋಣ ಎನ್ನುವಂಥದು. ಕೋಣೆಯಲ್ಲಿ ಮೂವರೇ ಇದ್ದರೂ ಅವಳಿಗೆ ಒಂದು ಸಭೆ ತನ್ನ ಬಾಯನ್ನೇ ನೋಡುತ್ತಿದೆ ಎನಿಸಿತು.

‘ದಾಖಲೆಯಲ್ಲಿ ಏನಿದೆಯೋ ಅದೇ ದಾಖಲೆ,’ ಎಂದಳು.

ಹೇಳಿದ ಮೇಲೆ ಆ ಮಾತು ಬಾಯೊಳಗೆ ಉಳಿದುಕೊಂಡಿತು, ಜಗಿಯಲೂ ಆಗದೆ ಉಗುಳಲೂ ಆಗದೆ. ಡಾಕ್ಟರು ತಲೆದೂಗಿದರು. ಟೈಲರಮ್ಮನೂ ಮೆಲ್ಲಗೆ ತಲೆದೂಗಿದಳು, ಬೆಲೆ ಜಾಸ್ತಿ ಎಂದು ಗೊತ್ತಿದ್ದೂ ಚೌಕಾಶಿ ಮಾಡದೆ ಬಟ್ಟೆ ಕೊಳ್ಳುವವರ ಹಾಗೆ. ಈ ಹೆಂಗಸು ಇಷ್ಟಕ್ಕೇ ಒಪ್ಪಿಬಿಟ್ಟಿತೇ? ಕೂಗಾಡುವುದಕ್ಕೆ ಏನು ಧಾಡಿ? ಅವತ್ತು ಕೋಣೆಗೆ ಬೀಗ ಹಾಕಿರಲಿಲ್ಲವೇ ಎಂದು ಕೇಳುವುದಕ್ಕೆ ಏನು ಧಾಡಿ? ಕೂಗಾಡುವವರನ್ನು ಹೇಗೆ ಬಾಯಿ ಮುಚ್ಚಿಸಬೇಕೆಂದು ಅವಳಿಗೆ ಗೊತ್ತು. ಅದಕ್ಕೆ ದನಿ ಇದೆ, ಮುಖ ಇದೆ, ಕನ್ನಡಕದ ಮೇಲಿಂದ ನೋಡುವ ನೋಟವಿದೆ. ತಲೆದೂಗುವವರ ಎದುರು ಅದೆಲ್ಲ ಹಳೆಯ ಸಾಮಾನು. ಇಂಥ ಸಾಧುಗಳಿಂದಲೇ ಲೋಕದಲ್ಲಿ ಇಷ್ಟು ಅನ್ಯಾಯ ನಡೆಯುವುದು ಎಂದು ಟೈಲರಮ್ಮನ ಮೇಲೆಯೇ ಹರಿಹಾಯ್ದಿತು ಅವಳ ಮನಸ್ಸು. ಆಮೇಲೆ, ಅನ್ಯಾಯ ಎಂಬ ಮಾತು ತನಗೇ ಬಂದದ್ದನ್ನು ಗಮನಿಸಿ, ಅಡ್ಡದಾರಿಯಲ್ಲಿ ಪರಿಚಿತರು ಎದುರಾದಂತೆ ಮುಖ ತಿರುಗಿಸಿಕೊಂಡಳು.

ಇಬ್ಬರನ್ನೂ ಹೊರಗೆ ಕಳಿಸಿದಳು. ನಿಂತರೆ ಬೆಳಕಿಗೆ ಅಡ್ಡ ಎಂದಳು. ಡಾಕ್ಟರು ಹಜಾರಕ್ಕೆ ಹೋಗಿ ಯಾರಿಗೋ ಫೋನಿನಲ್ಲಿ, ಕೀಳಿಸಿಬಿಡೋದೇ ಒಳ್ಳೇದು, ಇಟ್ಕೊಂಡ್ರೆ ಪಕ್ಕದ್ದಕ್ಕೂ ಹತ್ತುತ್ತೆ ಎಂದು ಹೇಳುವುದು ಕೇಳಿಸಿತು. ಹಲ್ಲಿನ ಮಾತೋ ಟೈಲರಮ್ಮನ ಮಾತೋ ತಿಳಿಯಲಿಲ್ಲ. ಅವಳು ಕಪಾಟಿಗೆ ಹೆಗಲು ಕೊಟ್ಟು ನೂಕಿದಳು. ಅದು ಒಂದು ಗೇಣು ಸರಿಯಿತು. ಹಿಂದೆ ಒಂಬತ್ತು ವರ್ಷದ ಧೂಳು, ಗುಂಡಿಗಳು, ಒಂದು ಕೈಮಗ್ಗದ ಬಟ್ಟೆಯ ಚೂರು. ಬಿರುಕು ಮೊಣಕಾಲಿನ ಎತ್ತರಕ್ಕೆ ಬಂದು ಸೂಜಿಮೊನೆಯಷ್ಟು ಸಣ್ಣದಾಗಿ ಮುಗಿದಿತ್ತು. ಮುಗಿದ ಜಾಗದಲ್ಲಿ, ಅದಕ್ಕೆ ಅಡ್ಡಲಾಗಿ, ಅಂಗಿಯ ತೋಳಿನ ಅಳತೆಗೆ ಎಳೆಯುವಂಥ ಒಂದು ನೀಲಿ ಗೀಟು. ಹೊಲಿಗೆಯವರ ಸೀಮೆಸುಣ್ಣದ್ದು. ಪಕ್ಕದಲ್ಲಿ ಅದೇ ನೀಲಿಯಲ್ಲಿ ದಿನಾಂಕ. ಒಂಬತ್ತು ವರ್ಷದ ಹಿಂದಿನದು. ಅವಳ ವರದಿಯ ಮರುದಿನದ್ದು.

ಬಗ್ಗಿ ನೋಡಿದಳು. ನಿನ್ನೆ ಮೊನ್ನೆ ಬರೆದಿಟ್ಟ ನಾಟಕವಿರಬಹುದೇ ಎಂದು ಅವಳ ವಿದ್ಯೆ ಮೊದಲು ಕೇಳಿತು. ಅಲ್ಲ. ಗೀಟಿನ ಮೇಲೆ ಜೇಡವೊಂದು ಯಾವ ಕಾಲದಲ್ಲೋ ಗೂಡು ಕಟ್ಟಿ, ಬಿಟ್ಟುಹೋಗಿ, ಆ ಗೂಡು ಧೂಳಿನ ಬೊಟ್ಟಿನಂತೆ ಗಟ್ಟಿಯಾಗಿತ್ತು. ಇದನ್ನು ಓದಬಲ್ಲವರು ಈ ಊರಿನಲ್ಲಿ ಇಬ್ಬರೋ ಮೂವರೋ; ಅವರಲ್ಲಿ ಅವಳು ಮೊದಲನೆಯವಳು. ಬಿರುಕು ಆ ಗೀಟನ್ನು ಒಂದು ಎಳೆಯಷ್ಟೂ ದಾಟಿರಲಿಲ್ಲ. ಒಂಬತ್ತು ವರ್ಷ ಮೆಷಿನ್ನು ತುಳಿದರೂ ಗೋಡೆ ಅಲ್ಲಾಡಿರಲಿಲ್ಲ. ಹೊಸ ಮನೆಗೆ ಬಂದ ಮರುದಿನ ಬೀಗ ತೆಗೆದು, ಗೋಡೆ ಸೀಳಿರುವುದನ್ನು ಕಂಡು, ಇದು ಬೆಳೆದು ತನ್ನ ತಲೆಯ ಮೇಲೆ ಬೀಳುತ್ತದೋ ಏನೋ ಎಂದು ಒಬ್ಬಳೇ ಹೆಂಗಸು ಒಂದು ಗೀಟು ಎಳೆದಿದ್ದಾಳೆ. ಇಂಥ ವರದಿಯನ್ನು ಅವಳು ತನ್ನ ಜೀವಮಾನದಲ್ಲಿ ಬರೆದಿಲ್ಲ. ಎರಡು ಬೆರಳಗಲ ಜಾಗದಲ್ಲಿ, ಒಂದೂ ವಿಶೇಷಣವಿಲ್ಲದೆ.

ಆಮೇಲೆ ಅವಳ ಹೆಬ್ಬೆರಳು ಮುಂದೆ ಹೋಯಿತು. ಕಳಿಸಿದ್ದು ಅವಳಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ, ಅವಳೇ ಎಂದರೂ ಪೂರ್ತಿ ನಿಜವಲ್ಲ. ಧೂಳು ಕಂಡರೆ ಒರೆಸಿ ನೋಡುವುದು ಕೈಯ ಅಭ್ಯಾಸ. ಜೇಡದ ಗೂಡು ಮೊದಲು ಉದುರಿತು. ಆಮೇಲೆ ಗೀಟು. ಆಮೇಲೆ, ನಿಧಾನವಾಗಿ, ಎಡದಿಂದ ಬಲಕ್ಕೆ, ಪ್ರತಿ ಅಂಕೆಯನ್ನೂ ಓದಿ ಓದಿ, ದಿನಾಂಕ. ಕೊನೆಯ ಅಂಕೆ ಒರೆಸುವಾಗ ಅಭ್ಯಾಸ ಎಂಬ ನೆಪವೂ ಉಳಿದಿರಲಿಲ್ಲ. ಗೋಡೆಯ ಮೇಲೆ ಒಂದು ನೀಲಿ ಮಸುಕು ಮಾತ್ರ ಉಳಿಯಿತು, ಏಟು ಬಿದ್ದು ವಾರವಾದ ಮೈಯಂತೆ.

ಮಗುವೊಂದು ಕದ್ದು ತಿಂದು ಬಾಯಿ ಒರೆಸಿಕೊಂಡಷ್ಟು ಸಣ್ಣ ಕೆಲಸ. ಇಪ್ಪತ್ತೆರಡು ವರ್ಷ ಟೂತ್‌ಪೇಸ್ಟಿನವರನ್ನು ಹಿಡಿದು ನಿಲ್ಲಿಸಿದವಳು ಈಗ ತಾನೂ ಒಂದು ತೂತು ಮೆತ್ತಿದಳು. ವಕೀಲನಾದರೂ ತನ್ನ ಖರ್ಚಿನಲ್ಲಿ ಪೇಸ್ಟು ತಂದಿದ್ದ.

‘ಬೆರಳಿಗೆ ಸೀಮೆಸುಣ್ಣ ಹತ್ತಿದೆ. ಒರೆಸ್ಕೊಳ್ಳಿ.’

ಬಾಗಿಲಲ್ಲಿ ಟೈಲರಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕೈಯಲ್ಲಿ ಒಂದು ಬಿಳಿ ಬಟ್ಟೆಯ ತುಂಡು. ಅದರ ಅಂಚು ಕೂಡ ಮಡಿಚಿ ಹೊಲಿದಿತ್ತು. ಬಿಸಾಡುವ ಚಿಂದಿಗೂ ಅಂಚು ಹೊಲಿಯುವ ಜನ್ಮ. ಅವಳು ಬಟ್ಟೆ ತೆಗೆದುಕೊಂಡಳು, ಒರೆಸಿಕೊಳ್ಳಲಿಲ್ಲ. ಮುಷ್ಟಿಯಲ್ಲಿ ಹಿಡಿದು ನಿಂತಳು. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಬೈಗುಳ ಬರಲಿಲ್ಲ. ಅವಳೇ ಕೇಳಿದಳು, ತನಿಖೆಯವರ ದನಿಯಲ್ಲಿ, ಆ ದನಿ ಬಿಟ್ಟರೆ ಬೇರೆ ದನಿ ಇರಲಿಲ್ಲ:

‘ಗೀಟು ಇತ್ತಲ್ಲ. ಡಾಕ್ಟ್ರಿಗೆ ಯಾಕೆ ತೋರಿಸ್ಲಿಲ್ಲ ನೀವು?’

‘ತೋರಿಸಿದ್ರೆ ನೀವು ಅವತ್ತು ಕೋಣೆ ನೋಡಿಲ್ಲ ಅಂತ ಆಗುತ್ತಲ್ಲಮ್ಮ. ನಿಮ್ಮ ಕೆಲಸದ ಮಾತು ಅದು.’

‘ನನ್ನ ಕೆಲಸದ ಚಿಂತೆ ನಿಮಗ್ಯಾಕೆ?’

ಟೈಲರಮ್ಮ ಸ್ವಲ್ಪ ಯೋಚಿಸಿದಳು. ಯೋಚಿಸುವಾಗ ಕಪಾಟಿನ ಬಾಗಿಲನ್ನು ಸವರಿದಳು, ಅಲ್ಲಿ ಇಲ್ಲದ ಸುಕ್ಕನ್ನು ಸರಿಮಾಡುವಂತೆ.

‘ಅವತ್ತು ನೀವು ನೀರು ಕೇಳಿದ್ರಿ. ಕೊಟ್ಟೆ. ಕುಡೀಲಿಲ್ಲ. ಲೋಟ ಹಿಡ್ಕೊಂಡು ಆ ನಲ್ಲೀನೇ ನೋಡ್ತಾ ನಿಂತ್ಬಿಟ್ರಿ. ಆಮೇಲೆ ಗಡಿಯಾರ ನೋಡಿದ್ರಿ. ಮನೇಲಿ ಏನೋ ಆಗಿದೆ ಅಂದ್ಕೊಂಡೆ. ಸಹಿ ಹಾಕು ಅಂದ್ರಿ, ಹಾಕ್ದೆ.’ ಗೋಡೆಯ ನೀಲಿ ಮಸುಕು ನೋಡಿ, ‘ಒರೆಸಬೇಕಾಗಿರ್ಲಿಲ್ಲ ನೀವು. ನಾನು ಹೇಗೂ ಹೇಳ್ತಿರ್ಲಿಲ್ಲ,’ ಎಂದಳು.

ಹಜಾರದಿಂದ ಡಾಕ್ಟರು, ಆಯ್ತಾ ಮೇಡಂ, ಒಂದು ಗಂಟೆಗೆ ನನಗೊಂದು ರೂಟ್ ಕೆನಾಲ್ ಇದೆ ಎಂದು ಕೂಗಿದರು. ಅವಳು ಆಯಿತು ಎಂದಳು. ಆಗಿರಲಿಲ್ಲ. ಅವಳ ತಲೆಯಲ್ಲಿ ಒಂದೇ ಸಂಗತಿ ಗಿರಕಿ ಹೊಡೆಯುತ್ತಿತ್ತು: ತಾನು ಲೋಟ ಹಿಡಿದು ನಿಂತಿದ್ದು. ಊರಿನ ಮನೆಗಳನ್ನೆಲ್ಲ ಹೊಕ್ಕು ಯಾರ ಬಚ್ಚಲಲ್ಲಿ ಪಾಚಿ, ಯಾರ ಚಾಪೆಯ ಕೆಳಗೆ ಕಲೆ ಎಂದು ಬರೆದವಳ ಸ್ಥಿತಿಯನ್ನು, ಈ ಬಾಗಿದ ಬೆನ್ನಿನ ಹೆಂಗಸು, ಫಾರಮ್ಮಿಲ್ಲದೆ, ಸಹಿಯಿಲ್ಲದೆ, ಒಂಬತ್ತು ವರ್ಷ ತನ್ನ ಹತ್ತಿರ ಇಟ್ಟುಕೊಂಡಿದ್ದಾಳೆ. ಅದಕ್ಕೂ ಒಂದು ಗೀಟು ಎಳೆದಿದ್ದಾಳೆ. ಬೆಳೆಯುತ್ತಿದೆಯೇ, ಅಲ್ಲೇ ನಿಂತಿದೆಯೇ ಎಂದು ಇವತ್ತು ನೋಡುತ್ತಿದ್ದಾಳೆ. ಇದಕ್ಕಿಂತ ಟೈಲರಮ್ಮ ಚಪ್ಪಲಿ ತೋರಿಸಿದ್ದರೆ ಮಾನ ಉಳಿಯುತ್ತಿತ್ತು.

ಆ ದಿನ ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಅವಳು ಮನೆ ತಲುಪಿದಾಗ ಗಂಡ ಆಗಲೇ ಬಂದಿದ್ದ, ಮೆಟ್ಟಿಲ ಮೇಲೆ ಕೂತಿದ್ದ; ಅವನ ಹತ್ತಿರ ಬೀಗದ ಕೈ ಇತ್ತು, ಒಳಗೆ ಹೋಗಿರಲಿಲ್ಲ. ಅವಳ ಪಟ್ಟಿಯನ್ನು ಓದದೆ ಸಹಿ ಹಾಕಿದ. ಒಂದು ಸೂಟ್‌ಕೇಸು, ಅವನಮ್ಮನ ಫೋಟೋ, ಅಷ್ಟೇ ತೆಗೆದುಕೊಂಡ. ಆ ಅಮ್ಮ ಹೆಬ್ಬೆಟ್ಟು. ಮದುವೆ ರಿಜಿಸ್ಟರ್ ಆದ ದಿನ ಸಾಕ್ಷಿಯಾಗಿ ಹೆಬ್ಬೆರಳು ಒತ್ತಿದ ಮೇಲೆ, ಪಕ್ಕದಲ್ಲಿದ್ದ ಸೊಸೆಯ ಹೊಸ ಬಟ್ಟೆಗೆ ನೀಲಿ ಶಾಯಿ ತಾಗಬಾರದೆಂದು ಬೆರಳನ್ನು ತನ್ನ ನರೆಗೂದಲಿಗೆ ಒರೆಸಿಕೊಂಡಿದ್ದರು. ಕಾಲೇಜು ಮುಗಿಸಿದ ಸೊಸೆ ಆಗ ಗೆಳತಿಯರ ಕಡೆ ನೋಡಿ ತುಟಿ ಕೊಂಕಿಸಿದ್ದಳು. ಫೋಟೋದಲ್ಲಿ ಆ ಕೂದಲು ಕಪ್ಪಗಿರಲಿಲ್ಲ, ನೀಲಿಯೂ ಇರಲಿಲ್ಲ, ಬರೀ ಬಿಳಿ. ಗಂಡ ಹೋಗುವ ಮುಂಚೆ ಅಡಿಗೆಮನೆಗೆ ಹೋದ. ಐದು ನಿಮಿಷ ಸದ್ದಾಯಿತು. ಕೈ ಒರೆಸಿಕೊಳ್ಳುತ್ತ ಬಂದು, ‘ವಾಷರ್ ಹಾಕಿದೀನಿ, ಇನ್ನು ಹನಿ ಬೀಳಲ್ಲ,’ ಎಂದ. ಬಾಗಿಲು ಹಾಕಿಕೊಂಡು ಹೋದ. ಎಂಥ ಕೊಬ್ಬು ಎಂದುಕೊಂಡಿದ್ದಳು; ಎರಡು ವರ್ಷ ಕೇಳಿದಾಗ ಇಲ್ಲದ್ದು ಹೋಗುವಾಗ ಭಿಕ್ಷೆ. ಅವತ್ತಿನಿಂದ ಪ್ರತಿದಿನ ಪಾತ್ರೆ ತೊಳೆದು ನಲ್ಲಿ ನಿಲ್ಲಿಸಿದಾಗ ಅದು ಗಪ್ಪನೆ ನಿಲ್ಲುತ್ತದೆ. ಪಟ್ಟಿಯಲ್ಲಿ ‘ನಲ್ಲಿ: ಸೋರುತ್ತದೆ’ ಎಂದು ಬರೆದಿದ್ದಳು. ಅವನು ಸಹಿ ಹಾಕಿದ ಆ ಒಂದು ದಾಖಲೆಯೂ ಅವನು ಬಾಗಿಲು ದಾಟುವ ಮೊದಲೇ ಸುಳ್ಳಾಗಿತ್ತು.

ಎರಡನೆಯ ಸಲ ಆಗದು ಎಂದುಕೊಂಡಳು. ಇನ್ನೊಬ್ಬರ ಕರುಣೆಯನ್ನು ಇನ್ನೊಂದು ಒಂಬತ್ತು ವರ್ಷ ಮನೆಯಲ್ಲಿಟ್ಟುಕೊಂಡು ಸಾಕಲು ತನ್ನಿಂದಾಗದು. ಅದಕ್ಕಿಂತ ತಪ್ಪಿತಸ್ಥಳಾಗುವುದು ಸಸ್ತಾ. ಹಜಾರಕ್ಕೆ ಬಂದಳು. ಸ್ಟೂಲು ಖಾಲಿಯಾಗಿತ್ತು, ಡಾಕ್ಟರು ಕಿಟಕಿಯಲ್ಲಿ ತಮ್ಮ ಕಾರು ನೋಡುತ್ತಿದ್ದರು. ಕೂತಳು. ತೊಡೆಯ ಮೇಲೆ ಹಲಗೆಯಿಟ್ಟು ಬರೆದಳು. ಎಂದಿನ ದುಂಡು ಅಕ್ಷರ ಬರಲಿಲ್ಲ.

‘ಹಿಂದಿನ ಕೋಣೆ: ಕಿಟಕಿಯ ಕೆಳಗೆ ಬಿರುಕು. ಹಳೆಯದು, ಕಟ್ಟಡದ ದೋಷ. ಬಾಡಿಗೆದಾರರು ಬಂದ ದಿನ ಈ ಕೋಣೆಗೆ ಬೀಗವಿತ್ತು. ನೋಡದೆ ಸುಸ್ಥಿತಿ ಎಂದು ಬರೆದವಳು ನಾನು. ಬಿರುಕಿನ ತುದಿಯಲ್ಲಿ ಬಾಡಿಗೆದಾರರು ಗುರುತು ಹಾಕಿ ದಿನಾಂಕ ಬರೆದಿದ್ದರು. ಅದನ್ನು ಇಂದು ಒರೆಸಿದವಳೂ ನಾನು. ಬಾಡಿಗೆದಾರರಿಂದ ಹಾನಿ: ಇಲ್ಲ.’

ಕೆಳಗೆ ಸಹಿ ಹಾಕಿ ಕೊಟ್ಟಳು. ಡಾಕ್ಟರು ಓದಿದರು. ಮತ್ತೊಮ್ಮೆ ಓದಿದರು. ಮೊದಲ ಸಲ ಅವರ ಬಾಯಿಯೇ ತೆರೆದು ನಿಂತಿತು, ಅದರೊಳಗೆ ಹಿಂದಿನ ಎರಡು ಹಲ್ಲು ಇಲ್ಲದಿರುವುದನ್ನು ಅವಳು ಅಭ್ಯಾಸಬಲದಿಂದ ನೋಡಿಕೊಂಡಳು. ಇದೇನು ಮೇಡಂ ಎಂದರು. ನಿಮ್ಮನ್ನ ನಂಬಿ ಬೀಗದ ಕೈ ಕೊಟ್ಟವರು ನಾವು ಎಂದರು. ಹಿಂದಿನ ಕೋಣೆಯ ಕೈ ಕೊಟ್ಟಿರಲಿಲ್ಲ ಡಾಕ್ಟ್ರೇ ಎಂದಳು ಅವಳು. ಅವರು ನೆನಪಿಸಿಕೊಳ್ಳುವವರಂತೆ ಮಾಡಿ, ನೆನಪಿಸಿಕೊಳ್ಳದಿರುವುದೇ ಲಾಭ ಎಂದು ಕಂಡು, ನಿಮ್ಮ ಯಜಮಾನರ ಹತ್ತಿರ ಮಾತಾಡ್ತೀನಿ, ಇಂಥವರನ್ನ ಕೆಲಸಕ್ಕೆ ಇಟ್ಕೊಂಡ್ರೆ ಆಫೀಸು ಮುಚ್ಚಬೇಕಾಗತ್ತೆ ಅಷ್ಟೇ ಎಂದು ಫೋನು ಕಿವಿಗಿಟ್ಟುಕೊಂಡೇ ಮೆಟ್ಟಿಲಿಳಿದರು. ಮೂರು ಮಹಡಿಯೂ ಅವರ ದನಿ ಕೇಳುತ್ತಿತ್ತು. ಭೂತಗನ್ನಡಿಯ ಸುದ್ದಿ ಅವಳಿಗಿಂತ ಮುಂಚೆ ಆಫೀಸು ಸೇರುತ್ತದೆ. ಸಂಜೆಯ ಹೊತ್ತಿಗೆ ಅವಳ ಕುರ್ಚಿ ಯಾರಿಗೆ ಎಂದು ಮಾತು ಶುರುವಾಗಿರುತ್ತದೆ. ಆಫೀಸಿನವರ ಮುಖಗಳನ್ನು ಒಂದೊಂದಾಗಿ ನೆನೆದಳು. ಆ ಮುಖಗಳ ಮೇಲೆ ಇಷ್ಟು ವರ್ಷ ತಾನು ಬರೆಯುತ್ತ ಬಂದ ಷರಾಗಳನ್ನೂ ನೆನೆದಳು. ದೊಡ್ಡ ಕೆಲಸ ಮಾಡಿದ ನೆಮ್ಮದಿ ಏನೂ ಬರಲಿಲ್ಲ. ಬರುತ್ತದೆಂದು ಹೇಳುವವರನ್ನು ಅವಳು ಮೊದಲೂ ನಂಬುತ್ತಿರಲಿಲ್ಲ.

ಚೀಲದಿಂದ ಹೊಸ ಮನೆಯ ಬೀಗದ ಕೈ ತೆಗೆದು ಚಾಚಿದಳು. ಟೈಲರಮ್ಮ ಕೈ ನೀಡಲಿಲ್ಲ.

‘ಮೊದಲು ಓದ್ತೀನಿ,’ ಎಂದಳು. ‘ಆಮೇಲೆ ಸಹಿ.’

ಕನ್ನಡಕ ಯಾವುದೋ ಗಂಟಿನೊಳಗಿತ್ತು. ಟೈಲರಮ್ಮ ಗಂಟು ಬಿಚ್ಚಿದಳು, ಹುಡುಕಿದಳು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು, ಗಂಟನ್ನು ಮತ್ತೆ ಕಟ್ಟಿದಳು. ಆಮೇಲೆ ವರದಿಯನ್ನು ಮೊದಲ ಪುಟದ ಮೊದಲ ಸಾಲಿನಿಂದ ಓದತೊಡಗಿದಳು, ಒಂದೊಂದು ಸಾಲಿನ ಕೆಳಗೂ ಬೆರಳು ಹಿಡಿದು. ಹಜಾರದ ಗೋಡೆ. ಹಜಾರದ ನೆಲ. ಕೆಳಗೆ ಗಾಡಿ ಬಂದು ಹಾರನ್ ಹೊಡೆಯಿತು, ಟೈಲರಮ್ಮ ಅವಸರ ಪಡಲಿಲ್ಲ. ಈ ಸಲ ಯಾವ ಸಾಲನ್ನೂ ನಂಬಿಕೆಯ ಮೇಲೆ ಬಿಡುವವಳಲ್ಲ ಎಂದು ಆ ಬೆರಳು ಹೇಳುತ್ತಿತ್ತು. ಅವಳು ಕಾಯುತ್ತ ನಿಂತಳು. ಇಪ್ಪತ್ತೆರಡು ವರ್ಷಗಳಲ್ಲಿ ಅವಳ ವರದಿಯನ್ನು ಪೂರ್ತಿ ಓದಿದವರು ಇವರೇ ಮೊದಲಿಗರಿರಬೇಕು. ನಡುವೆ ಒಮ್ಮೆ ಟೈಲರಮ್ಮ ತಲೆಯೆತ್ತದೆಯೇ ಸ್ಟೂಲನ್ನು ಕಾಲಿನಿಂದ ಅವಳ ಕಡೆ ಸರಿಸಿದಳು. ಅವಳು ಕೂರಲಿಲ್ಲ. ಆಮೇಲೆ ಕೂತಳು.

ಕೊನೆಯ ಪುಟ ಬಂತು. ಹಿಂದಿನ ಕೋಣೆ. ಬೆರಳು ನಿಧಾನವಾಯಿತು, ನಿಂತಿತು, ಮುಂದೆ ಹೋಯಿತು. ಓದಿ ಮುಗಿಸಿ ಟೈಲರಮ್ಮ ಸಹಿ ಹಾಕಿದಳು, ಹಲಗೆಯನ್ನು ತಿರುಗಿಸಿ ಕೊಟ್ಟಳು, ಬೀಗದ ಕೈ ತೆಗೆದುಕೊಂಡಳು.

ಆಗ ಅವಳು ನೋಡಿದಳು. ಬರೆಯುವಾಗ ಕಾಗದ ಜಾರದಂತೆ ಎಡಗೈಯಿಂದ ಒತ್ತಿ ಹಿಡಿದಿದ್ದಳು. ಗೋಡೆ ಒರೆಸಿದ್ದೂ ಅದೇ ಕೈ. ತನ್ನ ಸಹಿಯ ಪಕ್ಕದಲ್ಲಿ, ಅದಕ್ಕಿಂತ ದೊಡ್ಡದಾಗಿ, ಗೆರೆಗೆರೆಯಾಗಿ, ನೀಲಿ ಹೆಬ್ಬೆಟ್ಟು ಮೂಡಿತ್ತು. ಅಂಚು ಹೊಲಿದ ಬಟ್ಟೆಯ ತುಂಡು ಇನ್ನೂ ಮುಷ್ಟಿಯಲ್ಲೇ ಇತ್ತು. ಒಂದು ಸಲ ಒರೆಸಿದರೆ ಹೋಗುವಂಥದು.

ಒರೆಸಲಿಲ್ಲ.